ಗಾಜಿನ ಕಪಾಟಿನ ಯಂತ್ರಮಾನವರು

ನಮ್ಮ ಪ್ರೌಢಶಾಲೆಯ ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಪತ್ರ ಬರೆದಾಗ ನನಗೆ ಸಂತೋಷವೂ ಸಂಕೋಚವೂ ಒಟ್ಟಿಗೇ ಉಂಟಾದವು. ಶ್ರೀಮಠದ ಪ್ರಸಾದನಿಲಯದಲ್ಲಿ ಆರು ವರ್ಷ ಉಂಡು, ಓದಿ, ಬೆಳೆದವನು ನಾನು. ಆ ಋಣದ ಮುಂದೆ ಇಲ್ಲವೆನ್ನುವ ಮಾತೇ ಇಲ್ಲ. ಆದರೆ ಬರೆಯುವುದಾದರೂ ಏನನ್ನು? ಇಂತಹ ಸಂಚಿಕೆಗಳಲ್ಲಿ ಶರಣರ ತತ್ತ್ವವನ್ನು ಕುರಿತು, ನಾಡಿನ ಚರಿತ್ರೆಯನ್ನು ಕುರಿತು ವಿದ್ವಾಂಸರು ಬರೆಯುತ್ತಾರೆ. ನಾನಾದರೋ ಲೇತುಗಳ, ಅಚ್ಚುಗಳ ಸದ್ದಿನ ನಡುವೆ ಆಯುಷ್ಯವನ್ನು ಸವೆಸಿದ ಇಂಜಿನಿಯರು. ನಾನು ಸ್ವಲ್ಪ ಬಲ್ಲೆನೆಂದು ಹೇಳಿಕೊಳ್ಳಬಹುದಾದ ವಿಷಯ ಒಂದೇ ಒಂದು. ಅದರ ಹೆಸರನ್ನು ಕೇಳಿದರೆ ವಾಚಕರು ನಕ್ಕಾರು. ಜಪಾನಿನ ಅನಿಮೇಷನ್ ಚಿತ್ರಗಳಲ್ಲಿ ಬರುವ ಯಂತ್ರಮಾನವರ ಪುಟ್ಟ ಬೊಂಬೆಗಳ ಸಂಗ್ರಹ, ಅದೇ ಆ ವಿಷಯ. ನಕ್ಕರೂ ಚಿಂತೆಯಿಲ್ಲ. ಈ ಬೊಂಬೆಗಳು ನನಗೆ ಕಲಿಸಿದ ಪಾಠವೊಂದಿದೆ. ಅದನ್ನು ಈ ಶಾಲೆಯ ಮಕ್ಕಳ ಮುಂದೆ ಒಪ್ಪಿಸುವುದು ನನ್ನ ಕರ್ತವ್ಯವೆಂದು ತೋರಿದೆ.

1982ನೆಯ ಇಸವಿಯ ವಸಂತದಲ್ಲಿ, ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯವರು ನನ್ನನ್ನು ಆರು ತಿಂಗಳ ತರಬೇತಿಗಾಗಿ ಜಪಾನಿನ ನಗೋಯಾ ನಗರಕ್ಕೆ ಕಳುಹಿಸಿದರು. ಲೋಹದ ಎರಕದ ಅಚ್ಚುಗಳನ್ನು ಮಾಡುವ ವಿಧಾನವನ್ನು ಕಲಿತು ಬರುವುದು ನನಗೆ ಒಪ್ಪಿಸಿದ ಕೆಲಸ. ಅಲ್ಲಿಗೆ ಹೋದ ಎರಡನೆಯ ಭಾನುವಾರ ಬೆಳಗ್ಗೆ ಪೇಟೆಯ ಕಡೆ ನಡೆದಿದ್ದೆ. ಒಂದು ಅಂಗಡಿಯ ಮುಂದೆ, ಇನ್ನೂ ಬಾಗಿಲು ತೆರೆಯುವ ಮುಂಚೆಯೇ, ನೂರಾರು ಹುಡುಗರು ಸಾಲಾಗಿ ನಿಂತಿದ್ದರು. ನಮ್ಮೂರಿನ ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆಗಾಗಿ ನಿಲ್ಲುವ ಸಾಲು ನನ್ನ ಕಣ್ಣ ಮುಂದೆ ಬಂದಿತು. ಇವರು ಯಾವುದಕ್ಕಾಗಿ ನಿಂತಿದ್ದಾರೆಂದು ಜೊತೆಗಿದ್ದ ಜಪಾನೀ ಮಿತ್ರರನ್ನು ಕೇಳಿದೆ. ಅವರು ನಕ್ಕು "ಗಂಡಾಮ್" ಎಂದರು.

ಆ ಹೆಸರಿನ ಹಿಂದಿನ ಕಥೆಯನ್ನು ಅವರೇ ಅಂದು ಸಂಜೆ ಹೇಳಿದರು. ಯೊಶಿಯುಕಿ ತೊಮಿನೊ ಎಂಬ ನಿರ್ದೇಶಕರ ಗಂಡಾಮ್ ಧಾರಾವಾಹಿ 1979ರ ಏಪ್ರಿಲಿನಲ್ಲಿ ಆ ನಗೋಯಾ ನಗರದ ದೂರದರ್ಶನ ಕೇಂದ್ರದಿಂದಲೇ ಆರಂಭವಾಗಿತ್ತು. ನೋಡುವವರು ಕಡಮೆಯಾದರು, ಪ್ರಾಯೋಜಕರಾಗಿದ್ದ ಆಟಿಕೆಯ ಕಂಪನಿಯ ಬೊಂಬೆಗಳೂ ಮಾರಾಟವಾಗಲಿಲ್ಲ. 52 ಕಂತುಗಳಿಗೆಂದು ಯೋಜಿಸಿದ್ದುದನ್ನು 43ಕ್ಕೆ ಮೊಟಕುಗೊಳಿಸಿ 1980ರ ಜನವರಿಯಲ್ಲಿ ಮುಗಿಸಿಬಿಟ್ಟರು. ಆದರೆ ಮರುಪ್ರಸಾರದಿಂದ ಅದರ ಕೀರ್ತಿ ಬೆಳೆಯಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಬಂದಾಯಿ ಎಂಬ ಕಂಪನಿಯವರು ಅದೇ ಯಂತ್ರದ ಪ್ಲಾಸ್ಟಿಕ್ ಮಾದರಿಯನ್ನು 300 ಯೆನ್ನಿಗೆ ಮಾರುಕಟ್ಟೆಗೆ ತಂದರು. ಕಥೆಯಲ್ಲಿ 18 ಮೀಟರು ಎತ್ತರವಿರುವ ಯಂತ್ರವನ್ನು 144ರಲ್ಲಿ ಒಂದು ಪಾಲಿಗೆ ಇಳಿಸಿದರೆ ಹನ್ನೆರಡೂವರೆ ಸೆಂಟಿಮೀಟರು, ಅಂದರೆ ಒಂದು ಗೇಣಿಗಿಂತಲೂ ಗಿಡ್ಡ. ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಂಟು ಹಾಕಿ ಜೋಡಿಸಿ, ಬಣ್ಣವನ್ನು ಹುಡುಗನೇ ಬಳಿದುಕೊಳ್ಳಬೇಕು. ಮಾಡುವ ಸುಖವನ್ನು ಮಾರಿದ ಈ ಪೆಟ್ಟಿಗೆಗೆ ದೇಶದ ಹುಡುಗರೆಲ್ಲ ಮುಗಿಬಿದ್ದರು. 1982ರ ಜನವರಿಯಲ್ಲಿ ಚಿಬಾ ಪ್ರಾಂತದ ಒಂದು ಅಂಗಡಿಯಲ್ಲಿ ಈ ಮಾದರಿಗಳಿಗಾಗಿ ನುಗ್ಗಿದ ಮಕ್ಕಳು ಚಲಿಸುವ ಮೆಟ್ಟಿಲಿನ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಗಾಯಗೊಂಡದ್ದೂ ಉಂಟು.

ಆ ಸಾಲಿನಲ್ಲಿ ನಿಲ್ಲಲು ನನಗೆ ನಾಚಿಕೆಯಾಯಿತು. ಬೇರೊಂದು ಓಣಿಯಲ್ಲಿ ಒಬ್ಬ ಮುದುಕಿಯ ಸಣ್ಣ ಅಂಗಡಿಯಿತ್ತು. ಅಲ್ಲಿ ಧೂಳು ಹಿಡಿದ ಪೆಟ್ಟಿಗೆಯೊಂದರಲ್ಲಿ ಅಂಗೈಗೆ ಸ್ವಲ್ಪ ಮಿಕ್ಕುವಷ್ಟು ಉದ್ದದ ಕಪ್ಪು ಬಣ್ಣದ ಯಂತ್ರಮಾನವನೊಬ್ಬನಿದ್ದ. ಅವನೇ ಮಾಜಿಂಗರ್ ಝಡ್. ಗೋ ನಗಾಯಿ ಎಂಬ ಚಿತ್ರಕಾರರು ಸೃಷ್ಟಿಸಿ, 1972ರ ಡಿಸೆಂಬರಿನಲ್ಲಿ ದೂರದರ್ಶನಕ್ಕೆ ಬಂದ ಕಥೆಯ ನಾಯಕ. 1974ರಲ್ಲಿ ಬಂದಾಯಿಯ ಅಂಗಸಂಸ್ಥೆಯಾದ ಪೊಪಿ ಕಂಪನಿಯವರು ಇವನನ್ನು ಲೋಹದಲ್ಲಿ ಎರಕ ಹೊಯ್ದು "ಚೋಗೋಕಿನ್" ಎಂಬ ಹೆಸರಿನಿಂದ ಮಾರಿದ್ದರು. ಆ ಶಬ್ದಕ್ಕೆ "ಮಹಾ ಮಿಶ್ರಲೋಹ" ಎಂದು ಅರ್ಥ. ಕಥೆಯಲ್ಲಿ ಅದು ಫೂಜಿ ಪರ್ವತದಲ್ಲಿ ದೊರೆತ ಅಪೂರ್ವ ಧಾತುವಿನಿಂದಾದ ಅಭೇದ್ಯ ಲೋಹ; ನಿಜದಲ್ಲಿ ಸತುವಿನ ಸಾಧಾರಣ ಮಿಶ್ರಲೋಹ. ಸುಮಾರು 400 ಡಿಗ್ರಿಯ ಶಾಖದಲ್ಲಿ ಕರಗಿಸಿ, ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿ ಮಾಡಿದ್ದು. ನಾನು ಕಲಿಯಲು ಬಂದಿದ್ದ ವಿದ್ಯೆಯೇ ಅದು! ಬೊಂಬೆಯನ್ನು ಕೈಗೆತ್ತಿಕೊಂಡೆ. ಅದರ ತೂಕ ಅಂಗೈಯಲ್ಲಿ ಒಂದು ಬಗೆಯ ನಂಬಿಕೆಯನ್ನು ಹುಟ್ಟಿಸಿತು. ಮುದುಕಿ ತೋಳಿನಲ್ಲಿದ್ದ ಗುಂಡಿಯನ್ನು ಒತ್ತಿದಳು. ಒಳಗಿದ್ದ ಸ್ಪ್ರಿಂಗು ಬಿಚ್ಚಿಕೊಂಡು ಮುಷ್ಟಿ ಛಂಗನೆ ಹಾರಿ ಅಂಗಡಿಯ ಗೋಡೆಗೆ ಬಡಿಯಿತು. ಅವಳು ಹುಡುಗಿಯಂತೆ ನಕ್ಕಳು. ಊರಿನಲ್ಲಿದ್ದ ಐದು ವರ್ಷದ ಮಗನನ್ನು ನೆನೆದು, ಎರಡು ದಿನದ ಊಟದ ಹಣವನ್ನು ಕೊಟ್ಟು ಅದನ್ನು ಕೊಂಡುಕೊಂಡೆ.

ಊರಿಗೆ ಮರಳಿದ ಮೇಲೆ ಮಗ ಎಂಟು ದಿನ ಅದರೊಡನೆ ಆಡಿದ, ಅದರೊಡನೆಯೇ ಮಲಗಿದ. ಒಂಬತ್ತನೆಯ ದಿನ ಸಂಜೆ ನಾನು ಕಾರ್ಖಾನೆಯಿಂದ ಬಂದು ನೋಡುತ್ತೇನೆ, ಎಡಮುಷ್ಟಿ ಇಲ್ಲ. ಹಿತ್ತಲಿನಲ್ಲಿ ಬಾಳೆಯ ಬುಡದಲ್ಲಿ ಹುಡುಕಿದೆವು, ಬಚ್ಚಲ ಹರಿಯಲ್ಲಿ ಹುಡುಕಿದೆವು, ಸಿಕ್ಕಲಿಲ್ಲ. ಎಲ್ಲಿ ಹಾರಿಸಿದೆ ಎಂದರೆ ಹುಡುಗ ಬಾಯಿ ಬಿಡಲಿಲ್ಲ. ನನಗೆ ಸಿಟ್ಟು ಬಂದು ಒಂದು ಪೆಟ್ಟನ್ನೂ ಕೊಟ್ಟೆ. ಬೊಂಬೆಯನ್ನು ಕಸಿದುಕೊಂಡು, ಪುಸ್ತಕಗಳಿದ್ದ ಗಾಜಿನ ಕಪಾಟಿನಲ್ಲಿಟ್ಟು, ಬೀಗ ಹಾಕಿ ಹೇಳಿದೆ: "ಇದು ಅಪ್ಪಾಜಿಯದು, ಇನ್ನು ಮುಟ್ಟಬೇಡ." ನನ್ನ ಸಂಗ್ರಹಕ್ಕೆ ನಾಂದಿಯಾದದ್ದು ಆ ಮಾತು. ಆಗ ನನಗೆ ಅದು ತಿಳಿಯಲಿಲ್ಲ.

ಒಂಟಿಯಾಗಿ ನಿಂತ ಬೊಂಬೆಗೆ ಜೊತೆ ಬೇಕೆನಿಸಿತು. ನಗೋಯಾದ ಮಿತ್ರರು ಪ್ರತಿ ಹೊಸವರ್ಷಕ್ಕೆ ಒಂದೊಂದನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು. 1994ರಲ್ಲಿ ಎರಡನೆಯ ಬಾರಿ ಜಪಾನಿಗೆ ಹೋದಾಗ ತೋಕಿಯೋದ ನಕಾನೊ ಬ್ರಾಡ್‌ವೇ ಎಂಬ ಕಟ್ಟಡದಲ್ಲಿ ಹಳೆಯ ಬೊಂಬೆಗಳ ಅಂಗಡಿಗಳನ್ನು ಕಂಡು ಬೆರಗಾದೆ. ನಮ್ಮ ಕಡೆ ಚಿನ್ನ ಬೆಳ್ಳಿಯ ಅಂಗಡಿಯಲ್ಲಿ ಇಡುವಂತೆ, ಬೆರಳುದ್ದದ ಪ್ಲಾಸ್ಟಿಕ್ ಬೊಂಬೆಗಳನ್ನು ಅಲ್ಲಿ ಗಾಜಿನೊಳಗೆ ಇಟ್ಟಿದ್ದರು. ನಾಣ್ಯ ಹಾಕಿ ಹಿಡಿಕೆ ತಿರುಗಿಸಿದರೆ ಉರುಳಿ ಬರುವ ಗೋಲಿಯೊಳಗಿನ ಬೊಂಬೆಗಳೂ ಇದ್ದವು. ದೊಡ್ಡ ತಲೆ, ಕುಳ್ಳ ಕಾಲುಗಳ ಗಂಡಾಮನು 1985ರಿಂದ ಆ ಗೋಲಿಗಳಲ್ಲಿ ಬರುತ್ತಿದ್ದನು. ಅವುಗಳಲ್ಲಿ ಹತ್ತನ್ನು ಕೊಂಡೆ. ಹೀಗೆ ಒಂದು ಹತ್ತಾಗಿ, ಹತ್ತು ಅರವತ್ತಮೂರಾಯಿತು.

ಈ ಹವ್ಯಾಸವನ್ನು ನಾನು ಇಂದು ಪೂರ್ತಿಯಾಗಿ ಹಳಿಯಲಾರೆ. ಅದರಿಂದ ಕಲಿತದ್ದು ಬಹಳವಿದೆ. ಒಬ್ಬ ಕುಶಲಕರ್ಮಿಯ ಬುದ್ಧಿ ಎಷ್ಟು ದೂರ ಹೋಗಬಲ್ಲುದೆಂಬುದನ್ನು ಆ ಬೊಂಬೆಗಳು ತೋರಿಸಿದವು. ಶೋಜಿ ಕವಾಮೊರಿ ಎಂಬ ತರುಣ 1982ರ ಮಾಕ್ರೋಸ್ ಚಿತ್ರಕ್ಕಾಗಿ ಒಂದು ಯುದ್ಧವಿಮಾನವನ್ನು ರಚಿಸಿದ. ರೆಕ್ಕೆಗಳು ಮಡಿಸಿ, ಕೆಳಗಿನ ಇಂಜಿನುಗಳು ಕಾಲುಗಳಾಗಿ, ವಿಮಾನವೇ ಎದ್ದು ನಿಂತ ಯಂತ್ರಮಾನವನಾಗುತ್ತದೆ. ತೆರೆಯ ಮೇಲೆ ಚಿತ್ರಕಾರನ ಗೆರೆ ಏನನ್ನು ಬೇಕಾದರೂ ಮಾಡಬಹುದು. ಕೈಯಲ್ಲಿ ಹಿಡಿಯುವ ಬೊಂಬೆಯಲ್ಲಿ ಯಾವ ಭಾಗವನ್ನೂ ಕಳಚಿ ತೆಗೆಯದೆ ಅದನ್ನು ಸಾಧಿಸಬೇಕಾದರೆ ಕೀಲುಗಳ ಲೆಕ್ಕಾಚಾರ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ತಕತೋಕು ಎಂಬ ಕಂಪನಿಯವರು ಅದನ್ನು ಸಾಧಿಸಿದರು. ಆದರೂ 1984ರಲ್ಲಿ ದಿವಾಳಿಯಾದರು. ಗಂಡಾಮಿಗೆ ಮೊದಲು ಹಣ ಹಾಕಿದ್ದ ಕ್ಲೋವರ್ ಕಂಪನಿಯೂ 1983ರಲ್ಲಿ ಮುಳುಗಿತ್ತು. ಮಾಡಿದವರು ಹೋದರು, ಅಚ್ಚುಗಳು ಬೇರೆಯವರ ಪಾಲಾದವು. ಅವರ ಕೈಗೆಲಸಕ್ಕೆ ಉಳಿದಿರುವ ಸಾಕ್ಷಿಯೆಂದರೆ ಸಂಗ್ರಾಹಕರ ಕಪಾಟುಗಳು. ಆದ್ದರಿಂದ ಕೂಡಿಡುವವನೂ ಒಂದು ಬಗೆಯ ಕಾಯಕವನ್ನು ಮಾಡುತ್ತಾನೆಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆದರೆ ಸಂಗ್ರಾಹಕರ ಲೋಕಕ್ಕೆ ಒಂದು ವಿಚಿತ್ರ ನ್ಯಾಯವಿದೆ. ಅಲ್ಲಿ ಆಡಿದ ಬೊಂಬೆಗೆ ಬೆಲೆ ಕಡಮೆ, ಆಡದ ಬೊಂಬೆಗೆ ಬೆಲೆ ಹೆಚ್ಚು. ಪೆಟ್ಟಿಗೆಯನ್ನೇ ತೆರೆಯದಿದ್ದರೆ ಇನ್ನೂ ಹೆಚ್ಚು. ಯಾವ ಮಗುವಿನ ಕೈಯೂ ಸೋಕದ ಆಟಿಕೆಯೇ ಅತಿಶ್ರೇಷ್ಠ! ಉಣ್ಣದೆ ಇಟ್ಟ ಅನ್ನವೇ ಶ್ರೇಷ್ಠವೆಂದಂತಾಯಿತು. ನನ್ನ ಮಾಜಿಂಗರನಿಗೆ ಎಡಮುಷ್ಟಿ ಇಲ್ಲದ ಕಾರಣ ಅವನಿಗೆ ಬೆಲೆಯೇ ಇಲ್ಲವೆಂದು ನಕಾನೊದ ವ್ಯಾಪಾರಿಯೊಬ್ಬ ಹೇಳಿದ್ದ. ಮತ್ತೆ, ಎಷ್ಟು ಜತನ ಮಾಡಿದರೇನು? ಸತುವಿನಲ್ಲಿ ಸೀಸದ ಅಂಶ ಸ್ವಲ್ಪ ಹೆಚ್ಚು ಬೆರೆತಿದ್ದರೆ ಎರಕವು ವರ್ಷಗಳ ಮೇಲೆ ತಾನಾಗಿಯೇ ಬಿರಿಯುತ್ತದೆ. ಬಿಳಿಯ ಪ್ಲಾಸ್ಟಿಕ್ಕು ಬೆಳಕಿಗೆ ಹಳದಿಯಾಗುತ್ತದೆ. ಅಂಟಿಸಿದ ಚೀಟಿಗಳು ಒಣಗಿ ಉದುರುತ್ತವೆ. ಮುಟ್ಟದೆ ಇಟ್ಟದ್ದೂ ಹಾಳಾಗುತ್ತದೆ. ಯಾರಿಗೂ ಸುಖ ಕೊಡದೆ ಹಾಳಾಗುತ್ತದೆ, ಇಷ್ಟೇ ವ್ಯತ್ಯಾಸ. ಇವೆಲ್ಲ ನನಗೆ ತಿಳಿದಿದ್ದವು. ಆದರೂ ಬೀಗ ತೆಗೆಯಲಿಲ್ಲ.

2010ರಲ್ಲಿ, ನಿವೃತ್ತನಾದ ಮೇಲೆ, ಮಿತ್ರರ ಆಹ್ವಾನದ ಮೇರೆಗೆ ಕೋಬೆ ನಗರಕ್ಕೆ ಹೋಗಿದ್ದೆ. 1995ರ ಜನವರಿಯ ಭೂಕಂಪದಲ್ಲಿ ಆ ನಗರದ ನಗಾತಾ ಬಡಾವಣೆ ಬೆಂಕಿಗೆ ಆಹುತಿಯಾಗಿತ್ತು. ಮತ್ತೆ ಎದ್ದುನಿಂತ ಊರಿನ ಗುರುತಾಗಿ ಅಲ್ಲಿನ ಜನ ಒಂದು ಉದ್ಯಾನದಲ್ಲಿ ತೆತ್ಸುಜಿನ್ 28 ಎಂಬ ಯಂತ್ರಮಾನವನ ಉಕ್ಕಿನ ಪ್ರತಿಮೆಯನ್ನು 2009ರಲ್ಲಿ ನಿಲ್ಲಿಸಿದ್ದಾರೆ. ಆ ಕಥೆಯನ್ನು 1956ರಲ್ಲಿ ಬರೆಯತೊಡಗಿದ ಮಿತ್ಸುತೆರು ಯೊಕೊಯಾಮಾ ಅವರು ಕೋಬೆಯಲ್ಲಿ ಹುಟ್ಟಿದವರು. ಪ್ರತಿಮೆಯ ಎತ್ತರ 15 ಮೀಟರಿಗೂ ಮಿಗಿಲು. ಅದರ ಸುತ್ತ ಗಾಜಿರಲಿಲ್ಲ. ಅದರ ಪಾದಗಳ ನಡುವೆ ಮಕ್ಕಳು ಓಡಾಡುತ್ತಿದ್ದರು. ಒಬ್ಬ ಹುಡುಗ ಅದರ ಕಾಲಿಗೆ ಬೆನ್ನೊರಗಿಸಿ ಕುಳಿತು ರೊಟ್ಟಿ ತಿನ್ನುತ್ತಿದ್ದ. ನೋಡಿ ಮನಸ್ಸಿಗೆ ಏನೋ ಆಯಿತು. ಆದರೆ ಊರಿಗೆ ಬಂದ ಮೇಲೆ ಅದನ್ನು ಮರೆತೆ.

ಮಗ ಬೆಳೆದು ದೊಡ್ಡವನಾದ, ಓದಿದ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ. ಐದನೆಯ ವಯಸ್ಸಿನ ಆ ಸಂಜೆಯ ನಂತರ ಅವನು ಒಮ್ಮೆಯಾದರೂ ಕಪಾಟಿನ ಬೀಗದ ಕೈಯನ್ನು ಕೇಳಲಿಲ್ಲ. ಅದನ್ನು ನಾನು ವಿಧೇಯತೆ ಎಂದು ತಿಳಿದು ಹೆಮ್ಮೆಪಟ್ಟಿದ್ದೆ. 2024ರ ಬೇಸಗೆಯ ರಜೆಗೆ ಅವನು ತನ್ನ ಏಳು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದ. ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದೆ. ಮೊಮ್ಮಗ ಕಪಾಟಿನ ಗಾಜಿಗೆ ಮೂಗನ್ನು ಒತ್ತಿ ನಿಂತಿದ್ದ. ಅವನ ಉಸಿರಿನಿಂದ ಗಾಜು ಮಸುಕಾಗಿತ್ತು. ಮೆಲ್ಲನೆ ಹಿಡಿಕೆಗೆ ಕೈ ಹಾಕಿದ. ಹಿಂದಿನಿಂದ ಮಗನ ದನಿ ಕೇಳಿತು: "ಬೇಡ ಮರಿ, ಅದು ಅಜ್ಜನದು. ಮುಟ್ಟಬಾರದು."

ಆ ದನಿಯಲ್ಲಿ ಕೋಪವಿರಲಿಲ್ಲ, ದೂರಿರಲಿಲ್ಲ. ನೀರು ತಣ್ಣಗಿರುತ್ತದೆ, ಬೆಂಕಿ ಸುಡುತ್ತದೆ ಎಂದು ಹೇಳುವಂತೆ ಹೇಳಿದ. ಹುಡುಗನೂ ಏಕೆಂದು ಕೇಳಲಿಲ್ಲ. ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ನಲವತ್ತೆರಡು ವರ್ಷಗಳ ಹಿಂದೆ ನಾನಾಡಿದ ಮಾತು ನನ್ನ ಮನೆಯಲ್ಲಿ ಒಂದು ತಲೆಮಾರನ್ನು ದಾಟಿ ಇನ್ನೊಂದಕ್ಕೆ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಪತ್ರಿಕೆಯ ಅಕ್ಷರಗಳು ಕಾಣದಾದವು.

ಅಂದು ರಾತ್ರಿ ನಿದ್ರೆ ಬರಲಿಲ್ಲ. ಪ್ರಸಾದನಿಲಯದ ಸಂಜೆಯ ಪ್ರಾರ್ಥನೆಯ ನಂತರ ನಮ್ಮ ಕನ್ನಡದ ಗುರುಗಳು ಹೇಳುತ್ತಿದ್ದ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಯಿತು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚಾಗಿ ತಂದಾಗ, ಬಡವಿಯಾದ ಆ ತಾಯಿ ಹಿಗ್ಗಲಿಲ್ಲ. ಇದು ನಮಗೇಕೆಂದು ಪ್ರಶ್ನಿಸಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಬಾಲಕನಾಗಿದ್ದಾಗ ಈ ಕಥೆಯನ್ನು ಕೇಳಿ, ಅಕ್ಕಿ ಹೊನ್ನುಗಳಿಗೆ ಮಾತ್ರ ಸಂಬಂಧಿಸಿದ ನೀತಿಯೆಂದುಕೊಂಡಿದ್ದೆ. ಹೊನ್ನನ್ನು ನಾನು ಕೂಡಿಡಲಿಲ್ಲ; ಆದ್ದರಿಂದ ಅಸಂಗ್ರಹ ತತ್ತ್ವದ ಮುಂದೆ ನಿರಪರಾಧಿಯೆಂದು ನಂಬಿದ್ದೆ. ಇನ್ನೊಬ್ಬರ ಕೈ ಸೇರಬೇಕಾದುದನ್ನು ನನ್ನಲ್ಲಿ ತಡೆದಿಟ್ಟುಕೊಂಡರೆ ಅದೂ ಹೆಚ್ಚಿನ ಅಕ್ಕಿಯೇ ಎಂಬುದು ಆ ರಾತ್ರಿ ಹೊಳೆಯಿತು.

ಇನ್ನೂ ಒಂದು ವಿಷಯ ಹೊಳೆಯಿತು. ನಾಲ್ಕು ದಶಕ ಈ ಬೊಂಬೆಗಳ ಕಥೆಗಳನ್ನು ತಿಳಿದಿದ್ದರೂ ಅವುಗಳ ಅರ್ಥವನ್ನು ನಾನು ಗಮನಿಸಿರಲಿಲ್ಲ. ಒಸಾಮು ತೆಜುಕಾ ಅವರ ಆತೊಮು 1963ರಲ್ಲಿ ಜಪಾನಿನ ದೂರದರ್ಶನಕ್ಕೆ ಬಂದ ಯಂತ್ರಬಾಲಕ. ಮಗನನ್ನು ಕಳೆದುಕೊಂಡ ತಂದೆ ಅವನನ್ನು ಮಗನ ರೂಪದಲ್ಲಿ ನಿರ್ಮಿಸಿ, ಅವನು ಬೆಳೆಯುವುದಿಲ್ಲವೆಂದು ಸಿಟ್ಟಾಗಿ ಸರ್ಕಸ್ಸಿಗೆ ಮಾರಿಬಿಡುತ್ತಾನೆ. ತೆತ್ಸುಜಿನನ ಚಾಲಕ ಯಂತ್ರ ತಂದೆಯ ಬಳುವಳಿಯಾಗಿ ಬಾಲಕ ಶೋತಾರೋನ ಕೈಗೆ ಬರುತ್ತದೆ. ಗಂಡಾಮನ್ನು ರೂಪಿಸಿದವನು ತಂದೆ. ಅದರೊಳಗೆ ಏರಿ ಕುಳಿತವನು ಮಗ. ಮಾಜಿಂಗರನನ್ನು ಗುಟ್ಟಾಗಿ ಕಟ್ಟಿದವನಂತೂ ಒಬ್ಬ ಅಜ್ಜ. ಸಾಯುವ ಹೊತ್ತಿನಲ್ಲಿ ಆತ ಅದನ್ನು ಮೊಮ್ಮಗನಿಗೆ ಒಪ್ಪಿಸಿ, ಇದರಿಂದ ನೀನು ದೇವರೂ ಆಗಬಹುದು, ದೈತ್ಯನೂ ಆಗಬಹುದು ಎನ್ನುತ್ತಾನೆ. ಅಷ್ಟು ಭಯಂಕರವಾದ ಯಂತ್ರವನ್ನೇ ಒಬ್ಬ ಅಜ್ಜ ನಂಬಿ ಮೊಮ್ಮಗನ ಕೈಗೆ ಕೊಟ್ಟ. ನಾನಾದರೋ ಅದರ ಅಂಗೈಯಷ್ಟು ಬೊಂಬೆಯನ್ನು ಮಗನಿಗೂ ಕೊಡಲಿಲ್ಲ, ಮೊಮ್ಮಗನಿಗೂ ಕೊಡಲಿಲ್ಲ.

ಬೆಳಗ್ಗೆ ಸ್ನಾನ ಪೂಜೆಗಳನ್ನು ಮುಗಿಸಿ, ಬೀಗದ ಕೈಯನ್ನು ತಂದು ಮೊಮ್ಮಗನ ಕೈಯಲ್ಲಿಟ್ಟೆ. ಅವನು ನನ್ನ ಮುಖವನ್ನಲ್ಲ, ತಂದೆಯ ಮುಖವನ್ನು ನೋಡಿದ. ಮಗ ತಲೆಯಾಡಿಸಿದ. ಕಪಾಟು ತೆರೆಯಿತು. ಹುಡುಗ ಅರವತ್ತಮೂರರಲ್ಲಿ ಮೊದಲು ಕೈಗೆತ್ತಿಕೊಂಡದ್ದು ಆ ಕೈಮುರುಕ ಮಾಜಿಂಗರನನ್ನೇ. "ಅಜ್ಜಾ, ಇದರ ಇನ್ನೊಂದು ಕೈ ಎಲ್ಲಿ?" ಎಂದ. ನಾನು ಉತ್ತರ ಹುಡುಕುತ್ತಿರುವಷ್ಟರಲ್ಲಿ ಮಗನೇ ಮೆಲ್ಲನೆ ಹೇಳಿದ: "ಅದು ಹಿತ್ತಲ ಬಾವಿಗೆ ಬಿದ್ದಿತ್ತು ಅಪ್ಪಾಜಿ. ಬಿದ್ದದ್ದನ್ನು ನಾನು ನೋಡಿದ್ದೆ. ಹೇಳಿದರೆ ನೀವು ಬಾವಿಯ ಹತ್ತಿರ ಹೋದದ್ದಕ್ಕೂ ಹೊಡೆಯುತ್ತೀರಿ ಅಂತ ಹೆದರಿ ಸುಮ್ಮನಿದ್ದೆ." ಆ ಬಾವಿಯನ್ನು ಮುಚ್ಚಿ ಇಪ್ಪತ್ತು ವರ್ಷಗಳಾಗಿವೆ. ನಲವತ್ತೇಳು ವರ್ಷದ ಮಗನ ತಲೆಯ ಮೇಲೆ ಕೈಯಿಟ್ಟೆ. ಬೇರೆ ಮಾತು ತೋಚಲಿಲ್ಲ.

ಆ ಒಂದು ದಿನದಲ್ಲಿಯೇ ಎರಡು ಬೊಂಬೆಗಳ ಕೀಲು ಮುರಿಯಿತು. ಒಂದು ವಿಮಾನದ ರೆಕ್ಕೆ ಹೋಯಿತು. ನನಗೆ ನೋವಾಗಲಿಲ್ಲವೆಂದರೆ ಸುಳ್ಳಾದೀತು. ಒಂದೊಂದು ಸದ್ದಿಗೂ ಎದೆ ಝಲ್ಲೆಂದಿತು. ಆದರೆ ಸಂಜೆ ಮಗನೂ ಮೊಮ್ಮಗನೂ ನೆಲದ ಮೇಲೆ ಕುಳಿತು, ನನ್ನ ಹಳೆಯ ಸ್ಕ್ರೂಡ್ರೈವರಿನಿಂದ ಮುರಿದುದನ್ನು ಬಿಚ್ಚಿ ಜೋಡಿಸುತ್ತಿದ್ದುದನ್ನು ಕಂಡಾಗ, ಆ ಬೊಂಬೆಗಳನ್ನು ನಾನು ಮೊದಲ ಬಾರಿಗೆ ನೋಡುತ್ತಿರುವಂತೆ ಭಾಸವಾಯಿತು.

ಮೊಮ್ಮಗನು ತನಗೆ ಬೇಕಾದುವನ್ನು ಆರಿಸಿಕೊಂಡಿದ್ದಾನೆ. ಅಪರೂಪದ ಕೆಲವನ್ನು, ಮಾಡಿದವರ ನೆನಪಿಗಾಗಿ, ನಾನೇ ಇಟ್ಟುಕೊಂಡಿದ್ದೇನೆ; ಆ ಕಪಾಟಿಗೆ ಈಗ ಬೀಗವಿಲ್ಲ. ಉಳಿದ ಇಪ್ಪತ್ತನ್ನು ನಮ್ಮ ಶಾಲೆಯ ವಿಜ್ಞಾನ ಕೊಠಡಿಗೆ ಸಮರ್ಪಿಸುತ್ತಿದ್ದೇನೆ. ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ಅರಿಕೆಯುಂಟು. ದಯಮಾಡಿ ಅವುಗಳನ್ನು ಗಾಜಿನ ಹಿಂದೆ ಇಡಬಾರದು. ಪಕ್ಕದಲ್ಲಿ ಒಂದು ಸ್ಕ್ರೂಡ್ರೈವರನ್ನು ಇಡಬೇಕು. ಸ್ಪ್ರಿಂಗು ಹೇಗೆ ಮುಷ್ಟಿಯನ್ನು ಹಾರಿಸುತ್ತದೆ, ರೆಕ್ಕೆ ಹೇಗೆ ಮಡಿಸುತ್ತದೆ ಎಂಬುದನ್ನು ಮಕ್ಕಳು ಬಿಚ್ಚಿ ನೋಡಲಿ. ಮುರಿದರೆ ಮುರಿಯಲಿ. ಒಂದು ಭಾಗ ಕಳೆದುಹೋದರೆ ಯಾರನ್ನೂ ಬೈಯದೆ, ಎಲ್ಲಿ ಬಿತ್ತೆಂದು ಹೇಳುವ ಧೈರ್ಯ ಮಗುವಿಗೆ ಇರುವಂತೆ ನೋಡಿಕೊಂಡರೆ ಅಷ್ಟೇ ಸಾಕು.

ಅನ್ನವನ್ನೂ ಅಕ್ಷರವನ್ನೂ ಕೊಟ್ಟ ಶ್ರೀಮಠಕ್ಕೆ, ಲಕ್ಕಮ್ಮನ ಕಥೆಯನ್ನು ಹೇಳಿದ ಗುರುಗಳ ನೆನಪಿಗೆ, ಅದನ್ನು ಇಷ್ಟು ತಡವಾಗಿ ಅರ್ಥಮಾಡಿಕೊಂಡ ಈ ಹಳೆಯ ವಿದ್ಯಾರ್ಥಿಯ ಶರಣು ಶರಣಾರ್ಥಿಗಳು.